ನಾಲ್ಕೂರಲ್ಲಿ ಬಿದ್ದವನು

ಹಾನಗಲ್ಲಿನ ಭತ್ತದ ಪೇಟೆಯಲ್ಲಿ ತೂಕ ಮಾಡುವ ಉಳಿವೆಪ್ಪನಿಗೆ ಎರಡು ಹೆಸರಿದ್ದವು. ಪೇಟೆಯಲ್ಲಿ ಅವನು ತಕ್ಕಡಿ ಉಳಿವೆಪ್ಪ. ಅವನು ತೂಗಿದ ಚೀಲವನ್ನು ಇನ್ನೊಮ್ಮೆ ತೂಗಿ ನೋಡೋಣ ಎಂದು ಯಾವ ದಲಾಲಿಯೂ, ಯಾವ ರೈತನೂ ಅಂದದ್ದಿಲ್ಲ. ಪೇಟೆ ದಾಟಿ ಓಣಿಗೆ ಬಂದನೆಂದರೆ ಅವನು ಬಿದ್ದ ಉಳಿವೆಪ್ಪ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂರಲ್ಲಿ ಗೌಸಸಾಬನ ಟೆಂಟ್ ಟಾಕೀಸು ದೆವ್ವದ ಪಿಕ್ಚರ್ ಹಾಕಿದಾಗೆಲ್ಲ ಹೆದರಿ ಎಚ್ಚರದಪ್ಪಿ ಬಿದ್ದವನು ಇವನೊಬ್ಬನೇ. ಇಂಥ ಅಳ್ಳೆದೆಯವನು ಯಾಕೆ ಹೋಗಬೇಕು ಎಂದು ಕೇಳಿದರೆ, ಹುಚ್ಚು ನೋಡ್ರಿ ಅದು, ಕುಡುಕ ಹೆಂಡ ಬಿಟ್ಟಾನೇನು, ಎನ್ನುತ್ತಿದ್ದರು ಜನ.

ಈಗ ಮುಚ್ಚಿಟ್ಟು ಏನು ಪ್ರಯೋಜನ, ಹೇಳಿಯೇ ಬಿಡುತ್ತೇನೆ. ಉಳಿವೆಪ್ಪ ಒಮ್ಮೆಯೂ ಹೆದರಿ ಬಿದ್ದವನಲ್ಲ.

ಮೊದಲ ಸಲ ಬಿದ್ದದ್ದು ಎಪ್ಪತ್ಮೂರರಲ್ಲಿ, ಹಾನಗಲ್ಲಿನಲ್ಲೇ. ಅದೊಂದು ಪಾಳು ವಾಡೆಯ ಪಿಕ್ಚರು. ಯಾರೂ ಇಲ್ಲದ ಪಡಸಾಲೆಯಲ್ಲಿ ತೂಗುಮಣೆ ತಾನೇ ತೂಗುತ್ತದೆ, ಗೆಜ್ಜೆ ಸದ್ದಾಗುತ್ತದೆ, ದೀಪ ಆರುತ್ತದೆ. ಅಷ್ಟೇ. ಹಿಂದಿನ ಸಾಲಿನ ಮರದ ಬಾಕಿನ ಮೇಲೆ ಕುಳಿತಿದ್ದ ಉಳಿವೆಪ್ಪನಿಗೆ ಕಾಲು ಜೋಮು ಹಿಡಿದಿತ್ತು. ಚೆನ್ನಾಗಿ ಕಾಣಲೆಂದು ಎದ್ದ, ಕಾಲು ನಿಲ್ಲಲಿಲ್ಲ, ಎರಡು ಬಾಕುಗಳ ನಡುವೆ ದೊಪ್ಪನೆ ಬಿದ್ದ. ಅಂಜಿ ಬಿದ್ದ, ಅಂಜಿ ಬಿದ್ದ ಎಂದು ಟೆಂಟಿನ ತುಂಬ ಗುಲ್ಲಾಯಿತು. ಅಷ್ಟು ಜನರ ಎದುರಿಗೆ ಕಾಲು ಜೋಮು ಹಿಡಿದಿತ್ತು ಎನ್ನಲು ಅವನಿಗೆ ನಾಚಿಕೆ. ಕಣ್ಣು ಮುಚ್ಚಿಕೊಂಡೇ ಉಳಿದ. ನಾಲ್ಕು ಮಂದಿ ಹೊತ್ತು ಹೊರಗೆ ತಂದರು, ಮುಖಕ್ಕೆ ನೀರು ಹೊಡೆದರು, ಒಬ್ಬ ಟಾವೆಲ್ಲಿನಿಂದ ಗಾಳಿ ಹಾಕಿದ. ಎಷ್ಟು ಹೊತ್ತು ಮುಚ್ಚಿಕೊಂಡಾನು? ಕಣ್ಣು ಬಿಟ್ಟ ಮೇಲೆ ಏನಾದರೂ ಅನ್ನಬೇಕಲ್ಲ, "ಆಕಿ ಹೋದ್ಲೇನ್ರಿ?" ಅಂದ. ಸುತ್ತ ನಿಂತವರ ಮೈ ಜುಮ್ಮೆಂದಿತು. ಮರುದಿನ ಟೆಂಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

ಆ ಮರುದಿನವೇ ಗೌಸಸಾಬ ಪೇಢೆಯ ಪೊಟ್ಟಣ ಹಿಡಿದು ಉಳಿವೆಪ್ಪನ ಮನೆಗೆ ಬಂದ. ಹೆಂಡತಿ ವೀರವ್ವ ಚಹಾ ಕೊಟ್ಟಳು. ಗೌಸಸಾಬ ಚಹಾ ಕುಡಿದು, ಮೀಸೆ ಒರೆಸಿಕೊಂಡು, "ಉಳಿವೆಪ್ಪ, ಇನ್ನ ಮೂರೂರು ಅದಾವ" ಎಂದ.

ಹಣದಾಸೆಗೆ ಒಪ್ಪಿದನೆಂದು ತಿಳಿಯಬೇಡಿ. ಬಸ್ಸಿನ ಚಾರ್ಜು, ಖಾನಾವಳಿಯ ಊಟ, ಇಷ್ಟೇ ಕೊಟ್ಟದ್ದು ಗೌಸಸಾಬ. ಹುಟ್ಟಿದಾಗಿನಿಂದ ಯಾರೂ ಉಳಿವೆಪ್ಪನನ್ನು ತಿರುಗಿ ನೋಡಿದವರಿಲ್ಲ. ಚೀಲ ಹೊತ್ತ, ತಕ್ಕಡಿ ಹಿಡಿದ. ಇವನನ್ನು ಜನ ಹೊತ್ತುಕೊಂಡದ್ದು, ಉಳಿವೆಪ್ಪ, ಉಳಿವೆಪ್ಪ ಎಂದು ಕಂಗಾಲಾಗಿ ಕರೆದದ್ದು ಅದೇ ಮೊದಲು. ಅದರ ರುಚಿ ಹತ್ತಿತು. ಎಪ್ಪತ್ನಾಲ್ಕರಲ್ಲಿ ಶಿಗ್ಗಾಂವಿಯಲ್ಲಿ ಬಿದ್ದ, ಸವಣೂರಿನಲ್ಲಿ ಬಿದ್ದ. ಎಲ್ಲ ಕೆಲಸಕ್ಕೂ ಒಂದು ಕಸುಬು ಇರುತ್ತದಲ್ಲ, ಇದಕ್ಕೂ ಇತ್ತು. ತೂಗುಮಣೆ ಮೂರನೇ ಸಲ ತೂಗುವಾಗ ಬೀಳಬೇಕು. ಎಡಕ್ಕೆ ಬೀಳಬೇಕು, ಮೊದಲು ಮೊಣಕೈ, ಆಮೇಲೆ ಭುಜ, ತಲೆ ಕಡೆಗೆ. ಎಡಗೈಯಲ್ಲಿ ಐಸ್‌ಕ್ಯಾಂಡಿ ಹಿಡಿದು ಕರಗಿಸಿಟ್ಟಿರಬೇಕು, ಮುಟ್ಟಿದವರಿಗೆ ಕೈ ತಣ್ಣಗೆ ಹತ್ತಬೇಕು. ನೀರು ಮೂರು ಸಲ ಚಿಮುಕಿಸುವ ತನಕ ಏಳಬಾರದು. ಎದ್ದ ಮೇಲೆ ಅದೇ ಮಾತು, "ಆಕಿ ಹೋದ್ಲೇನ್ರಿ?" ಆಮೇಲೆ ಆ ಟೆಂಟಿನ ಕಡೆ ತಲೆ ಹಾಕಬಾರದು. ಹೆದರಿ ಸಾಯಲಿಕ್ಕಾದವನು ಮರುದಿನ ಶೇಂಗಾ ತಿನ್ನುತ್ತ ಬಂದು ಕುಳಿತರೆ ಯಾರು ನಂಬುತ್ತಾರೆ?

ಎಪ್ಪತ್ತೈದರಲ್ಲಿ ಹಿರೇಕೆರೂರಿನಲ್ಲಿ ಬಿದ್ದ. ಅದೇ ಕೊನೆ. ಅಲ್ಲಿ ಅವನನ್ನು ಹೊತ್ತವರಲ್ಲಿ ಪರಮೇಶಪ್ಪ ಎಂಬ ಹತ್ತಿ ದಲಾಲಿ ಇದ್ದರು. ಉಳಿದವರು ನೀರು ಹೊಡೆದು, ಎದ್ದನೆಂದು ಮತ್ತೆ ಪಿಕ್ಚರಿಗೆ ಹೋದರು. ಪರಮೇಶಪ್ಪ ಹೋಗಲಿಲ್ಲ. ಇವನನ್ನು ಚಕ್ಕಡಿಯಲ್ಲಿ ತಮ್ಮ ಮನೆಗೇ ಕರೆದುಕೊಂಡು ಹೋಗಿ, ಗಂಜಿ ಕುಡಿಸಿ, ಬೆಳಗಿನ ತನಕ ಕೈ ಹಿಡಿದು ಕುಳಿತರು. ಕೈ ತಣ್ಣಗಿತ್ತಲ್ಲ, ಬೆಚ್ಚಗಾಗಲೆಂದು ತಿಕ್ಕಿದರು. ಮುಂಜಾನೆ ಬುತ್ತಿ ಕಟ್ಟಿಸಿ ಬಸ್ಸಿಗೆ ಹತ್ತಿಸಿದರು. ಬಸ್ಸಿನಲ್ಲಿ ಆ ಬುತ್ತಿ ಬಿಚ್ಚಲು ಉಳಿವೆಪ್ಪನಿಂದ ಆಗಲಿಲ್ಲ. ಊರಿಗೆ ಬಂದವನೇ ಗೌಸಸಾಬನಿಗೆ ಇನ್ನು ಒಲ್ಲೆನೆಂದ. ಹೆಂಡತಿಗೆ ಬಿಟ್ಟರೆ ಯಾರಿಗೂ ಈ ಸಂಗತಿ ಹೇಳಲಿಲ್ಲ. ತಕ್ಕಡಿ ಹಿಡಿಯುವವನು ಮೋಸಗಾರ ಎನಿಸಿಕೊಳ್ಳುವುದಕ್ಕಿಂತ ಪುಕ್ಕಲ ಎನಿಸಿಕೊಳ್ಳುವುದು ವಾಸಿ ಎಂದುಕೊಂಡ.

ಹನ್ನೊಂದು ವರ್ಷ ಆ ಲೆಕ್ಕ ಸರಿಯಾಗೇ ಇತ್ತು.

ಎಂಬತ್ತಾರರ ಕಾರಹುಣ್ಣಿಮೆಯ ಮುಂದೆ ಮಗಳು ಶಾರವ್ವನನ್ನು ನೋಡಲು ಹಿರೇಕೆರೂರಿನಿಂದ ಬೀಗರು ಬಂದರು. ಮಧ್ಯಸ್ಥರು ಅವರನ್ನು ಮನೆಯ ಅಡ್ಡಹೆಸರಿನಿಂದ ಹೇಳಿದ್ದರಿಂದ ಉಳಿವೆಪ್ಪನಿಗೆ ಗೊತ್ತಾಗಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವರು ಅದೇ ಪರಮೇಶಪ್ಪ. ಅವರೂ ಗುರುತು ಹಿಡಿದರು. ಎರಡೂ ಕೈಯಲ್ಲಿ ಇವನ ಕೈ ಹಿಡಿದುಕೊಂಡರು.

"ನೀವ ಏನ್ರಿ ಅವರು. ಈಗ ಎದಿ ಹೆಂಗೈತ್ರಿ?"

"ಈಗ ಅಡ್ಡಿಯಿಲ್ರಿ. ದೇವರ ದಯಾ" ಎಂದ ಉಳಿವೆಪ್ಪ.

ಅವಲಕ್ಕಿಯ ತಾಟು ಹಿಡಿದು ನಿಂತಿದ್ದ ಶಾರವ್ವ ತಲೆ ತಗ್ಗಿಸಿದಳು. ಹುಡುಗಿ ಒಪ್ಪಿಗೆಯಾದಳು. ಪರಮೇಶಪ್ಪನವರ ಮಗ ಮಲ್ಲೇಶಪ್ಪ ಅಂಗಡಿ ನೋಡಿಕೊಳ್ಳುವವನು, ಶಾಂತ ಹುಡುಗ, ಶಾರವ್ವನಿಗೂ ಮನಸ್ಸಿಗೆ ಬಂದಿದ್ದ. ಶ್ರಾವಣ ಮುಗಿದ ಮೇಲೆ ನಿಶ್ಚಿತಾರ್ಥ ಎಂದಾಯಿತು.

ಈ ಶಾರವ್ವನಿಗೂ ದೆವ್ವದ ಪಿಕ್ಚರಿನ ಹುಚ್ಚು, ಆದರೆ ಹೊಸ ನಮೂನೆಯದು. ಗೌಸಸಾಬನ ಟೆಂಟು ಹರಿದು ಹೋಗಿ ಎಷ್ಟೋ ವರ್ಷವಾಗಿತ್ತು. ಈಗ ಅವನು ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಗೋದಾಮು ಬಾಡಿಗೆ ಹಿಡಿದು, ಕಿಟಕಿಗಳಿಗೆ ಗೋಣಿತಟ್ಟು ಹೊಡೆದು, ಹಗಲು ಹೊತ್ತಿನಲ್ಲೇ ವಿಡಿಯೋ ತೋರಿಸುತ್ತಿದ್ದ. ಕ್ಯಾಸೆಟ್ ಹಾಕುವುದು, ತೆಗೆಯುವುದು ಎಲ್ಲ ಮೊಮ್ಮಗಳು ಶಾಕೀರಾಳ ಕೆಲಸ. ಶಾಕೀರಾ ಮತ್ತು ಶಾರವ್ವ ಸಣ್ಣಂದಿನ ಗೆಳತಿಯರು. ಸೋಮವಾರ ಬಂತೆಂದರೆ ಶಾರವ್ವ ಅಲ್ಲಿ ಹಾಜರು. ಬೆಂದ ಮುಖದ ರಾಕ್ಷಸ, ಮೊಳದುದ್ದ ಉಗುರು, ಗೋಡೆಯಿಂದ ಇಳಿಯುವ ರಕ್ತ, ಯಾವುದಕ್ಕೂ ಅವಳು ಕಣ್ಣು ಮುಚ್ಚುತ್ತಿರಲಿಲ್ಲ. ಪಕ್ಕದವರು ಸೆರಗು ಬಾಯಿಗಿಟ್ಟುಕೊಂಡರೆ ಇವಳು ಮುಂದಕ್ಕೆ ಸರಿದು ಕುಳಿತುಕೊಳ್ಳುತ್ತಿದ್ದಳು.

ಮನೆಯಲ್ಲಿ ತಂದೆಗೂ ಮಗಳಿಗೂ ಇದೇ ಜಗಳ.

"ಅದೇನು ದೆವ್ವನಾ? ರಬ್ಬರಿನ ಮಾರಿ. ಆ ರಗತ ನೋಡಿದ್ರ ಕುಂಕುಮದ ನೀರಂತ ಕೂಸಿಗೂ ತಿಳೀತೈತಿ" ಎನ್ನುತ್ತಿದ್ದ ಉಳಿವೆಪ್ಪ. "ನಮ್ಮ ಕಾಲದ ದೆವ್ವಕ್ಕ ಮರ್ಯಾದಿ ಇತ್ತು. ಕಡೀತನಕ ಮಾರಿ ತೋರಸ್ತಿರಲಿಲ್ಲ. ಬರೇ ತೂಗುಮಣಿ ತೂಗತಿತ್ತು, ಜೀವ ಬಾಯಿಗೆ ಬರತಿತ್ತು."

"ಮಾರಿ ತೋರಸಾಕ ದೆವ್ವ ಇರಬೇಕಲ್ಲಪ್ಪ" ಎನ್ನುತ್ತಿದ್ದಳು ಶಾರವ್ವ. "ನಿಮ್ಮ ಪಿಕ್ಚರಿನಾಗ ದೆವ್ವ ಎಲ್ಲಿತ್ತು?"

"ಅದ ಅದರ ಗಮ್ಮತ್ತು. ಕಾಣಲಾರದ್ದಕ್ಕ ಅಂಜೋದು."

ಶಾರವ್ವ ಏನೋ ಹೇಳಲು ಬಾಯಿ ತೆರೆದು, ತಂದೆಯ ಮುಖ ನೋಡಿ, ಸುಮ್ಮನಾಗುತ್ತಿದ್ದಳು. ಮಾತಿಗೆ ಸೋತಳು ಎಂದು ಉಳಿವೆಪ್ಪ ತಿಳಿಯುತ್ತಿದ್ದ. ವೀರವ್ವ ಮಾತ್ರ ಒಲೆಯ ಮುಂದೆ ಕುಳಿತು, "ಬಿದ್ದಾವ್ರು ಬಾಳ ಮಾತಾಡಬಾರದು" ಎಂದು ಚುಚ್ಚುತ್ತಿದ್ದಳು.

ಶ್ರಾವಣದ ಎರಡನೆಯ ಸೋಮವಾರಕ್ಕೆ ಹೊಸ ಕ್ಯಾಸೆಟ್ ಬರುವುದಿತ್ತು. ಹಿಂದಿನ ದಿನ ಪೇಟೆಯ ಚಹಾ ಅಂಗಡಿಯಲ್ಲಿ ಗೌಸಸಾಬ ಸಿಕ್ಕು ಗೋಳು ತೋಡಿಕೊಂಡ. ಜನ ಬರುತ್ತಿಲ್ಲ, ಹೆದರಿಕೆ ಎಂಬುದೇ ಜನಕ್ಕೆ ಉಳಿದಿಲ್ಲ.

"ನಿನ್ನಂಥವ ಒಬ್ಬ ಬೇಕಾಗಿತ್ತು ನೋಡು, ಉಳಿವೆಪ್ಪ."

"ನನಗ ವಯಸ್ಸಾತ್ರಿ, ಸಾಬ್ರ. ಹೊಸಬರನ್ನ ಹುಡುಕ್ರಿ."

"ಹುಡುಕಿದ್ರ ನಿನ್ನ ಮನ್ಯಾಗ ಸಿಗ್ತಾರ" ಎಂದು ಗೌಸಸಾಬ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. ಉಳಿವೆಪ್ಪನೂ ನಕ್ಕ. ಚಾಷ್ಟಿಯ ಮಾತು, ಅಲ್ಲೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಆ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು.

ಸೋಮವಾರ ಮಧ್ಯಾಹ್ನ ಶಾರವ್ವ ಹಟ ಹಿಡಿದು ತಂದೆಯನ್ನು ಕರೆದೊಯ್ದಳು. ಒಮ್ಮೆ ಬಂದು ನೋಡು, ಆಮೇಲೆ ಮಾತಾಡು, ಎಂದಳು. ಗೋದಾಮಿನಲ್ಲಿ ಹೆಂಗಸರಿಗೆ ಎಡಗಡೆ ಚಾಪೆ, ಗಂಡಸರಿಗೆ ಬಲಗಡೆ ಬಾಕು. ಒಳಗೆ ಧಗೆ, ಬೆವರು, ಭತ್ತದ ಹೊಟ್ಟಿನ ವಾಸನೆ. ಪಿಕ್ಚರು ನಡೆದಂತೆ ಉಳಿವೆಪ್ಪನಿಗೆ ನಗುವೇ ಬಂತು. ಪಕ್ಕದವನಿಗೆ, ಈ ರಾಕ್ಷಸನ ಕುತ್ತಿಗೆಯಲ್ಲಿ ರಬ್ಬರಿನ ಅಂಚು ಕಾಣುತ್ತದೆ ನೋಡು, ಎಂದು ತೋರಿಸಿದ. ರಾಕ್ಷಸ ಒಬ್ಬ ಹುಡುಗಿಯ ಕೋಣೆಯ ಬಾಗಿಲ ಹೊರಗೆ ನಿಂತು ಅವಳನ್ನು ಕರೆಯತೊಡಗಿದ. ಆಗ ಎಡಗಡೆ ಒಂದು ಸದ್ದಾಯಿತು. ಶಾರವ್ವ ಎದ್ದು ನಿಂತವಳು ಮುಖ ಅಡಿಯಾಗಿ ಬಿದ್ದಿದ್ದಳು.

ಅದನ್ನು ನೋಡಿ ಉಳಿವೆಪ್ಪನಿಗೆ ಮೊದಲು ಬಂದದ್ದು ಹೆಮ್ಮೆ. ಇದನ್ನು ಹೇಳುವಾಗ ನನಗೇ ನಾಲಿಗೆ ತಡವರಿಸುತ್ತದೆ, ಆದರೂ ಬಂದದ್ದು ಹೆಮ್ಮೆಯೇ. ಕಿಲಾಡಿ ಸಾಬ, ನನ್ನ ಮಗಳನ್ನೇ ಒಪ್ಪಿಸಿದ್ದಾನೆ, ಅದಕ್ಕೇ ಇವಳು ನನ್ನನ್ನು ಕರೆತಂದಳು, ಎಂದುಕೊಂಡ. ಹೆಂಗಸರು ಕೂಗಿಕೊಂಡರು, ಬಾಕುಗಳು ಉರುಳಿದವು. ಅವನು ಕುಳಿತಲ್ಲೇ ಕುಳಿತಿದ್ದ. ತಲೆ ಮೊದಲು ಬೀಳಬಾರದಾಗಿತ್ತು, ಹೇಳಿಕೊಡಬೇಕು, ಎಂದು ಮನಸ್ಸಿನಲ್ಲೇ ತಿದ್ದುತ್ತಿದ್ದ.

ಶಾಕೀರಾ ಓಡಿ ಬಂದಳು. "ಕಾಕಾ, ಶಾರವ್ವ ಬಿದ್ದಾಳ, ಏಳ್ರಿ."

"ಏಳ್ತಾಳ ಬಿಡವ್ವಾ" ಎಂದ ಉಳಿವೆಪ್ಪ, ಕಣ್ಣು ಮಿಟುಕಿಸಿ. "ಮೂರು ಸಲ ನೀರು ಚಿಮುಕಸ್ರಿ. ಅದಕ್ಕಿಂತ ಮೊದಲ ಏಳಬಾರದು."

ಶಾಕೀರಾ ಅವನನ್ನು ನೋಡಿದ ನೋಟ ಅವನಿಗೆ ಆಗ ಅರ್ಥವಾಗಲಿಲ್ಲ. ಅವಳು ತಿರುಗಿ ಹೋಗಿ ಒಂದು ಕಿಟಕಿಯ ಗೋಣಿತಟ್ಟು ಕಿತ್ತಳು. ಬೆಳಕು ಒಳಗೆ ಬಂತು. ಹೆಂಗಸರು ಶಾರವ್ವನನ್ನು ಅಂಗಾತ ತಿರುಗಿಸಿದ್ದರು. ಗದ್ದ ಒಡೆದು ರಕ್ತ ಕುತ್ತಿಗೆಗೆ ಇಳಿದಿತ್ತು. ಕೆಂಪೂ ಅಲ್ಲ, ಕಪ್ಪೂ ಅಲ್ಲ, ವಿಡಿಯೋದ ರಕ್ತದ ಹಾಗೆ ಹೊಳೆಯುತ್ತಿರಲಿಲ್ಲ. ನೀರು ಐದಾರು ಸಲ ಹೊಡೆದಿದ್ದರು, ಎದ್ದಿರಲಿಲ್ಲ. ಸುಳ್ಳು ಬೀಳುವವರು ಗದ್ದ ಒಡೆದುಕೊಳ್ಳುವುದಿಲ್ಲ. ನಾಲ್ಕೂರಲ್ಲಿ ಬಿದ್ದರೂ ಉಳಿವೆಪ್ಪನ ಮೈ ಮೇಲೆ ಒಂದು ಗೀರೂ ಆಗಿರಲಿಲ್ಲ.

ಅವನು ಏಳಲು ಬಾಕಿನ ಅಂಚು ಹಿಡಿದ. ಅಷ್ಟರಲ್ಲಿ ಶಾರವ್ವ ಕಣ್ಣು ತೆರೆದಳು. ಆಕಿ ಹೋದ್ಲೇನ್ರಿ ಎಂದು ಅವಳು ಕೇಳಲಿಲ್ಲ.

"ಅಪ್ಪ ಎಲ್ಲಿ?" ಎಂದಳು.

ಎಲ್ಲರೂ ತಿರುಗಿ ಬಾಕಿನ ಮೇಲೆ ಕುಳಿತವನನ್ನು ನೋಡಿದರು. ಅವಳೂ ನೋಡಿದಳು. ಭೂಮಿ ಬಾಯಿ ಬಿಟ್ಟಿದ್ದರೆ ಉಳಿವೆಪ್ಪ ಆ ಕ್ಷಣ ಇಳಿದು ಹೋಗುತ್ತಿದ್ದ.

ಸರಕಾರಿ ದವಾಖಾನೆಯಲ್ಲಿ ಗದ್ದಕ್ಕೆ ಎರಡು ಹೊಲಿಗೆ ಹಾಕಿದರು. ಶ್ರಾವಣ ಸೋಮವಾರದ ಉಪವಾಸ, ಮುಂಜಾನೆಯಿಂದ ನೀರೂ ಇಳಿಸಿಲ್ಲ, ಆ ಧಗೆಯಲ್ಲಿ ಕುಳಿತರೆ ಎಂಥವರೂ ಬೀಳುತ್ತಾರೆ, ಎಂದರು ಡಾಕ್ಟರು. ಅದು ದವಾಖಾನೆಯ ಮಾತು. ಊರಿನ ಮಾತು ಬೇರೆ, ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು? ಅಪ್ಪಗೂ ಹಿಂಗೇ ಇತ್ತಲ್ಲ, ನಾಲ್ಕೂರಲ್ಲಿ ಬಿದ್ದಿದ್ದ, ಕೈ ಐಸಿನ ಹಾಗೆ ಆಗುತ್ತಿತ್ತು, ಈಗ ಮಗಳು. ಅದು ಅಂಜಿಕೆಯಲ್ಲ, ಮೂರ್ಛೆರೋಗ. ಬೀಜದಲ್ಲೇ ಇದೆ. ಶುಕ್ರವಾರಕ್ಕೆ ಆ ಮಾತು ಹಿರೇಕೆರೂರು ಮುಟ್ಟಿತು. ಮಂಗಳವಾರ ಪರಮೇಶಪ್ಪನವರ ಕಾರ್ಡು ಬಂತು. ವಿಷಯ ತಿಳಿಯಿತು, ಹುಡುಗಿಯ ಆರೋಗ್ಯ ನೋಡಿಕೊಳ್ಳಿರಿ, ನಿಶ್ಚಿತಾರ್ಥದ ಮಾತು ಸದ್ಯ ಬೇಡ. ಇಷ್ಟೇ ಇತ್ತು.

ಕಾರ್ಡನ್ನು ಶಾರವ್ವನೇ ಓದಿದಳು. ಓದಿ, ಮಡಿಸಿ, ತಂದೆಯ ಎದುರಿಗೆ ಬಂದು ಕುಳಿತಳು. ಗದ್ದಕ್ಕೆ ಪಟ್ಟಿ ಇತ್ತು, ಬಾಯಿ ಪೂರ್ತಿ ತೆರೆಯಲು ಬರುತ್ತಿರಲಿಲ್ಲ.

"ಮೂರು ಸಲ ನೀರು ಚಿಮುಕಸ್ರಿ ಅಂದಿಯಂತ. ಶಾಕೀರಾ ಹೇಳಿದ್ಲು. ಅದೇನು ಲೆಕ್ಕಪ್ಪ?"

ಉಳಿವೆಪ್ಪ ಗೋಡೆ ನೋಡಿದ. ವೀರವ್ವ ಒಳಗಿನಿಂದಲೇ, "ಇನ್ನಾರ ಹೇಳು. ಹನ್ನೊಂದು ವರ್ಷ ನಾ ಬಾಯಿ ಕಟ್ಟಿಕೊಂಡೇನಿ" ಎಂದಳು. ಅವನು ಹೇಳಿದ. ಕಾಲು ಜೋಮು ಹಿಡಿದದ್ದು, ಪೇಢೆ, ಐಸ್‌ಕ್ಯಾಂಡಿ, ಎಲ್ಲ. ಹೇಳುವಾಗ ಒಮ್ಮೆಯೂ ಮಗಳ ಮುಖ ನೋಡಲಿಲ್ಲ.

ಶಾರವ್ವ ಅಳಲಿಲ್ಲ, ಬೈಯಲೂ ಇಲ್ಲ. "ಸಾಲ್ಯಾಗ ನನಗ ಬಿದ್ದಾನ ಮಗಳು ಅಂತಿದ್ರು" ಎಂದಳು. "ಪುಕ್ಕಲನ ಮಗಳು ಪುಕ್ಕಲಿ ಅಂತಿದ್ರು. ಅದಕ್ಕ ನಾ ಆ ಪಿಕ್ಚರ್ ನೋಡಾಕ ಸುರು ಮಾಡಿದ್ದು. ಕಣ್ಣು ಮುಚ್ಚಬಾರದು, ನಿನ್ನಂಗ ಆಗಬಾರದು ಅಂತ. ನನಗ ಪ್ರತಿ ಸಲ ಅಂಜಿಕಿ ಬರತಿತ್ತಪ್ಪ. ಆದ್ರೂ ಕಣ್ಣು ತೆರಕೊಂಡ ಕುಂದರತಿದ್ದೆ. ನೀ ಒಂದು ಮಾತು ಹೇಳಿದ್ರ ಆಗತಿತ್ತು."

ಅವಳು ಕಾರ್ಡನ್ನು ಅವನ ಮುಂದಿಟ್ಟಳು. "ನನಗ ಆ ಮನಿ ಬೇಕು. ಹೋಗಿ ಅವರಿಗೆ ಖರೇ ಹೇಳು" ಎಂದಳು.

ಮರುದಿನ ಉಳಿವೆಪ್ಪ ತಿಳವಳ್ಳಿ ಮೇಲೆ ಹಾಯುವ ಬಸ್ಸು ಹಿಡಿದು ಹಿರೇಕೆರೂರಿಗೆ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿದ, ಅಂಗಡಿಯ ಮೆಟ್ಟಿಲು ಹತ್ತುವಾಗ ಒಂದೂ ನೆನಪಿರಲಿಲ್ಲ. ಪರಮೇಶಪ್ಪ ಗಾದಿಯ ಮೇಲೆ ಕುಳಿತಿದ್ದರು. ಹಮಾಲರು ಹತ್ತಿ ತುಂಬಿದ ಅಂಡಿಗೆ ಕಟ್ಟುತ್ತಿದ್ದರು. ಕಾರ್ಡು ಬರೆದ ಸಂಕೋಚಕ್ಕೆ ಪರಮೇಶಪ್ಪನವರೇ ಎದ್ದು, "ಬರ್ರಿ, ಕುಂತ್ರಿ, ಚಾ ತರಸ್ತೇನಿ" ಎಂದರು. ಉಳಿವೆಪ್ಪ ಕುಳಿತುಕೊಳ್ಳಲಿಲ್ಲ.

"ಸಾವ್ಕಾರ್ರ, ಆವತ್ತ ನಾ ಬಿದ್ದದ್ದು ಸುಳ್ರಿ. ಗೌಸಸಾಬ ಹೇಳಿ ಬೀಳಸ್ತಿದ್ದ. ನನಗ ಯಾವ ರೋಗನೂ ಇರಲಿಲ್ಲ. ಅಂಜಿಕಿನೂ ಇರಲಿಲ್ಲ."

ಪರಮೇಶಪ್ಪ ಅವನನ್ನು ಕರುಣೆಯಿಂದ ನೋಡಿದರು. ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು.

"ಮಗಳ ಸಲುವಾಗಿ ಹೇಳಾಕತ್ತೀರಿ. ಯಾವ ತಂದಿ ಆದ್ರೂ ಹೇಳ್ತಾನ. ಆದ್ರ ನಾ ಕೈ ಹಿಡಕೊಂಡೇನಿ, ಉಳಿವೆಪ್ಪನವರ. ಸತ್ತವರ ಕೈ ಇದ್ದಂಗಿತ್ತು."

"ಐಸ್‌ಕ್ಯಾಂಡಿ ಹಿಡಕೊಂಡಿದ್ದೆರಿ."

ಪರಮೇಶಪ್ಪ ತಲೆ ಅಲ್ಲಾಡಿಸಿದರು. ನಂಬಲಿಲ್ಲ. ನಿಜ ಹೇಳಲು ಬಂದವನನ್ನು ಸುಳ್ಳು ಹೇಳುತ್ತಿದ್ದಾನೆಂದು ತಿಳಿದರು, ಅದೂ ಒಳ್ಳೆಯ ಸುಳ್ಳು ಎಂದು. ಉಳಿವೆಪ್ಪನಿಗೆ ಬೇರೆ ದಾರಿ ಉಳಿಯಲಿಲ್ಲ. ಐವತ್ತು ದಾಟಿದ ಮನುಷ್ಯ, ಹೆಗಲ ಮೇಲಿನ ಟಾವೆಲ್ಲು ತೆಗೆದು ಅಂಡಿಗೆಯ ಮೇಲಿಟ್ಟ. ಹಮಾಲರು ಕೆಲಸ ನಿಲ್ಲಿಸಿ ನೋಡಿದರು. ಅವನು ಒಮ್ಮೆ ನರಳಿದ, ಕಣ್ಣು ಮೇಲಕ್ಕೆ ಮಾಡಿದ, ಎಡಕ್ಕೆ ಬಿದ್ದ. ಮೊದಲು ಮೊಣಕೈ, ಆಮೇಲೆ ಭುಜ, ತಲೆ ಕಡೆಗೆ. ಕಸುಬು ಮೈಯಲ್ಲೇ ಉಳಿದಿತ್ತು, ಒಂದಿಷ್ಟೂ ತಪ್ಪಲಿಲ್ಲ. ಒಬ್ಬ ಹಮಾಲ ಅಯ್ಯಯ್ಯೋ ಎಂದು ಓಡಿ ಬಂದ. ಉಳಿವೆಪ್ಪ ಕಣ್ಣು ತೆರೆದು, ಮಲಗಿದಲ್ಲಿಂದಲೇ, "ಆಕಿ ಹೋದ್ಲೇನ್ರಿ?" ಎಂದ.

ಹಮಾಲರು ಹೋ ಎಂದು ನಕ್ಕರು. ಪರಮೇಶಪ್ಪ ನಗಲಿಲ್ಲ. ಉಳಿವೆಪ್ಪ ತಾನೇ ಎದ್ದು ಧೂಳು ಕೊಡವಿಕೊಂಡ. ಈ ಸಲ ಯಾರೂ ಕೈ ಹಿಡಿಯಲಿಲ್ಲ.

"ಆ ಪಿಕ್ಚರಿನ ಹುಚ್ಚು ನನಗ ಎಷ್ಟಿತ್ತು ನಿಮಗ ಗೊತ್ತಿಲ್ಲ" ಎಂದರು ಪರಮೇಶಪ್ಪ, ನಿಧಾನವಾಗಿ. "ಹಾವೇರಿ, ಹುಬ್ಬಳ್ಳಿ, ಎಲ್ಲಿ ದೆವ್ವದ ಪಿಕ್ಚರ್ ಬಂದ್ರೂ ಹೋಗತಿದ್ದೆ. ಆವತ್ತ ನಿಮ್ಮ ಕೈ ಹಿಡಕೊಂಡು ದುರ್ಗವ್ವಗ ಬೇಡಿಕೊಂಡೆ. ಈ ಮನಷ್ಯಾನ್ನ ಉಳಸವ್ವ, ಇನ್ನ ನಾ ದೆವ್ವದ ಪಿಕ್ಚರ್ ನೋಡಂಗಿಲ್ಲ ಅಂತ. ನೀವು ಉಳದ್ರಿ. ನಾ ನೋಡಲಿಲ್ಲ. ಹನ್ನೊಂದು ವರ್ಷ."

ಉಳಿವೆಪ್ಪ ಟಾವೆಲ್ಲನ್ನು ಎರಡೂ ಕೈಯಲ್ಲಿ ಹಿಂಡುತ್ತ ನಿಂತಿದ್ದ.

"ನಿಮ್ಮನ್ನ ಹೊತ್ತು ತಂದು ಆವತ್ತಿನ ಪಿಕ್ಚರೂ ಅರ್ಧಾ ಆತು. ಒಂದು ಹೇಳ್ರಿ, ಅದರ ಕಡೀಕ ಏನಾತು? ಆಕಿ ಯಾರು?"

"ಗೊತ್ತಿಲ್ರಿ" ಎಂದ ಉಳಿವೆಪ್ಪ. "ನಾಲ್ಕೂರಾಗೂ ನಾ ನಡುವ ಬೀಳತಿದ್ದೆರಿ. ಆಮ್ಯಾಲ ಒಳಗ ಹೋಗಾಂಗಿರಲಿಲ್ಲ. ನಾನೂ ಕಡೀತನಕ ನೋಡಿಲ್ಲ."

ಇಷ್ಟು ವರ್ಷ ಮಗಳ ಎದುರಿಗೆ, ನಮ್ಮ ಕಾಲದ ದೆವ್ವ ಕಡೆಯ ತನಕ ಮುಖ ತೋರಿಸುತ್ತಿರಲಿಲ್ಲ ಎಂದು ವಾದಿಸಿದ್ದವನು ಇದೇ ಮನುಷ್ಯ. ಹೇಳಿದ ಮೇಲೆ ಅವನಿಗೇ ಅದು ನೆನಪಾಯಿತು.

"ಮತ್ತ ಮಗಳು?" ಎಂದು ಕೇಳಿದರು ಪರಮೇಶಪ್ಪ. "ಆಕಿ ಬಿದ್ದದ್ದು ಖರೇನೋ ಸುಳ್ಳೋ?"

"ಖರೇರಿ. ಉಪಾಸ ಇದ್ಲು."

"ನಿಮ್ಮ ಸುಳ್ಳನ್ನ ಆವತ್ತ ಖರೇ ಅಂತ ನಂಬಿದೆ. ಈಗ ನಿಮ್ಮ ಖರೇ ನಾ ಹೆಂಗ ನಂಬಲಿ?" ಎಂದರು ಅವರು. ದನಿ ಏರಿರಲಿಲ್ಲ. "ಸೋಮವಾರ ನಾನ ಬರ್ತೇನಿ. ಹುಡುಗಿನ್ನ ಕೇಳ್ತೇನಿ. ನೀವು ನಡುವ ಮಾತಾಡಬ್ಯಾಡ್ರಿ."

ಚಹಾ ಬಂದಿತ್ತು. ಉಳಿವೆಪ್ಪ ಕುಡಿಯದೆ ಬಸ್‌ಸ್ಟ್ಯಾಂಡಿಗೆ ನಡೆದ.

ಸೋಮವಾರ ಹನ್ನೊಂದರ ಬಸ್ಸಿಗೆ ಪರಮೇಶಪ್ಪ ಬಂದರು, ಒಬ್ಬರೇ. ವೀರವ್ವ ಜಮಖಾನೆ ಹಾಸಿದಳು. ಶಾರವ್ವ ಬಂದು ಗೋಡೆಗೆ ಆತು ಕುಳಿತಳು. ಪಟ್ಟಿ ಬಿಚ್ಚಿದ್ದರು, ಗದ್ದದ ಕೆಳಗೆ ಹೊಲಿಗೆಯ ಗುರುತು ಹಸಿಯಾಗೇ ಇತ್ತು. ಉಳಿವೆಪ್ಪ ನಡುಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತ. ಮಾತಾಡಬೇಡ ಎಂದಿದ್ದರು, ಕುಳಿತುಕೊಳ್ಳಬೇಕೋ ಬೇಡವೋ ಹೇಳಿರಲಿಲ್ಲ.

"ಯಾಕ ಬಿದ್ದಿ, ತಂಗಿ?" ಎಂದರು ಪರಮೇಶಪ್ಪ.

"ಉಪಾಸ ಇದ್ದೆರಿ. ಒಳಗ ಗಾಳಿ ಇರಲಿಲ್ಲ. ಮತ್ತ..." ಶಾರವ್ವ ತಲೆ ಎತ್ತಿದಳು. "ಮತ್ತ ಅಂಜಿದ್ದೆರಿ."

"ಅಂಜಿದ್ದಿ? ಯಾತಕ್ಕ? ರಕ್ಕಸನ ಮಾರಿಗೇನು?"

"ಮಾರಿಗಲ್ರಿ. ಅದು ರಬ್ಬರಂತ ಗೊತ್ತಾಗತೈತಿ. ಅದು ಬಾಗಲದಾಗ ನಿಂತು ಆ ಹುಡುಗಿನ್ನ ಅವರವ್ವನ ದನೀಲೆ ಕರೀತ್ರಿ. ಅವರವ್ವ ಸತ್ತು ವರ್ಷ ಆಗಿರತೈತಿ. ಆ ಹುಡುಗಿ ಬಂದೆ ಅವ್ವಾ ಅಂತ ಚಿಲಕ ತೆಗೀತಾಳ. ತೆಗೀಬ್ಯಾಡ ಅಂತ ನಾ ಎದ್ದು ನಿಂತೆ."

ಪರಮೇಶಪ್ಪ ಗೋಡೆ ಬಿಟ್ಟು ಮುಂದಕ್ಕೆ ಬಾಗಿದ್ದರು. "ಅವ್ವನ ದನೀಲೆ" ಎಂದು ತಾವೇ ಇನ್ನೊಮ್ಮೆ ಅಂದರು. "ಅದು ಖರೇ ಅಂಜಿಕಿ ನೋಡು. ಆಮ್ಯಾಲ?"

"ಆಮ್ಯಾಲ ನಾ ಬಿದ್ದೆನಲ್ರಿ."

ಇಬ್ಬರೂ ನಕ್ಕರು. ಬೀಗತನದ ವಿಚಾರಣೆ ಎಂಬುದೇ ಅವರಿಗೆ ಮರೆತುಹೋಯಿತು. ಈಗಿನ ದೆವ್ವಗಳು ಹಗಲಲ್ಲೂ ಬರುತ್ತವೆಯೇ, ಹಾಡು ಹಾಡುತ್ತವೆಯೇ, ಬಿಳಿ ಸೀರೆ ಹೋಯಿತೇ ಎಂದು ಅವರು ಕೇಳುವುದು, ಇವಳು ಕೈ ತಿರುಗಿಸಿ ಹೇಳುವುದು. ರಕ್ತ ಅಷ್ಟು ಯಾಕೆ ಸುರಿಸಬೇಕು, ಅದು ನನಗೆ ಸೇರುವುದಿಲ್ಲ, ಎಂದರು ಅವರು. ಸುರಿಸದಿದ್ದರೆ ನಮ್ಮ ಹುಡುಗಿಯರು ನಿದ್ದೆ ಹೋಗುತ್ತಾರೆ, ಎಂದಳು ಇವಳು. ನಾಲ್ಕೂರಿಗೆ ಹೆಸರಾದ ದೆವ್ವದ ಪಿಕ್ಚರಿನ ಹುಚ್ಚ ಬಾಗಿಲಲ್ಲಿ ನಿಂತಿದ್ದ, ಅವನನ್ನು ಯಾರೂ ಕೇಳಲಿಲ್ಲ. ಕೇಳಿದರೂ ಅವನಲ್ಲಿ ಹೇಳಲು ಏನಿತ್ತು? ಅವರಿಬ್ಬರೂ ಹೆದರಿದವರು. ಅವನು ಒಮ್ಮೆಯೂ ಹೆದರಿರಲಿಲ್ಲ.

"ಒಂದು ಮಾತು ಕೇಳ್ತೇನಿ" ಎಂದರು ಪರಮೇಶಪ್ಪ. "ಆ ಪಾಳು ವಾಡೇದ ಪಿಕ್ಚರ್. ತೂಗುಮಣಿ ತೂಗತಿತ್ತಲ್ಲ, ಆಕಿ ಯಾರಂತ ನಿನಗ ಗೊತ್ತೈತೇನು?"

ಶಾರವ್ವ ತಂದೆಯ ಕಡೆ ನೋಡಿದಳು. ಇಷ್ಟು ವರ್ಷ ಜಗಳದಲ್ಲಿ ಬಾಯಿ ತೆರೆದು ಮತ್ತೆ ಮುಚ್ಚಿಕೊಳ್ಳುತ್ತಿದ್ದಳಲ್ಲ, ಅದೇ ಮುಖ. ಉಳಿವೆಪ್ಪನಿಗೆ ಆಗ ತಿಳಿಯಿತು, ಅವಳು ಸೋತು ಸುಮ್ಮನಾಗುತ್ತಿರಲಿಲ್ಲ.

"ಶಾಕೀರಾ ಟೆಂಟಿನಾಗ ದಿನಾ ನೋಡ್ಯಾಳ್ರಿ, ಆಕಿ ಹೇಳಿದ್ಲು" ಎಂದಳು ಮೆಲ್ಲಗೆ. "ಅದು ದೆವ್ವ ಅಲ್ರಿ. ವಾಡೇದ ದಿವಾನ. ಆಸ್ತಿ ಹೊಡಿಯಾಕ ಬಿಳೀ ಸೀರಿ ಉಟಗೊಂಡು ಎಲ್ಲಾರನ್ನ ಅಂಜಸ್ತಿದ್ದ. ತೂಗುಮಣಿಗೆ ಹಗ್ಗ ಕಟ್ಟಿ ಎಳೀತಿದ್ದ. ಕಡೀಕ ಪೊಲೀಸ್ರು ಬಂದು ಸೆರಗು ಎಳೀತಾರ."

"ದಿವಾನ? ಆ ಮೀಸಿಯವ?"

"ಹೂನ್ರಿ."

ಪರಮೇಶಪ್ಪ ನಗಲು ಸುರು ಮಾಡಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಒಳಗಿದ್ದ ವೀರವ್ವನೂ ಸೆರಗು ಬಾಯಿಗೆ ಹಿಡಿದಳು. ಶಾರವ್ವ ಮಾತ್ರ ನಗಲಿಲ್ಲ, ಅವಳ ಕಣ್ಣು ತಂದೆಯ ಮೇಲೇ ಇತ್ತು. ಪರಮೇಶಪ್ಪ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು ಅವಳ ಗದ್ದದ ಗಾಯ ನೋಡಿದರು.

"ಇದು ಖರೇ ಬಿದ್ದಾಕಿ" ಎಂದರು, ವೀರವ್ವನಿಗೆ ಕೇಳುವಂತೆ. "ನಮ್ಮ ಮನೀಗೆ ಈಕಿ ಸಾಕು. ದಸರಾ ಮುಗದ ಮ್ಯಾಲ ನಿಶ್ಚೇ ಮಾಡೋಣು."

ವೀರವ್ವ ಸಕ್ಕರೆಯ ಡಬ್ಬಿ ತರಲು ಎದ್ದಳು. ಉಳಿವೆಪ್ಪ ಚೌಕಟ್ಟು ಹಿಡಿದೇ ಇದ್ದ. ಕೆಲಸ ಆಗಿತ್ತು, ಮಗಳ ಬಾಳು ಉಳಿದಿತ್ತು. ಆದರೆ ಅವನಿಂದ ಆಗಿರಲಿಲ್ಲ. ಅವನು ಸುಮ್ಮನಿದ್ದುದರಿಂದ ಆಗಿತ್ತು.

ಪರಮೇಶಪ್ಪ ಜಮಖಾನೆಯ ಮೇಲೆ ಸರಿದು, ಪಕ್ಕದಲ್ಲಿ ಜಾಗ ಮಾಡಿ, ಅಂಗೈಯಿಂದ ತಟ್ಟಿದರು.

"ಬೀಗರ, ಯಾಕ ನಿಂತ್ರಿ? ಬರ್ರಿ, ಕುಂತ್ರಿ."

ಅಂದು ಬೆಳಗಿನ ತನಕ ಇವನ ಕೈ ತಿಕ್ಕಿ ಬೆಚ್ಚಗೆ ಮಾಡಿದ್ದ ಅದೇ ಕೈ. ಉಳಿವೆಪ್ಪ ಒಂದು ಹೆಜ್ಜೆ ಮುಂದಿಟ್ಟ. ಅವನ ಕಾಲು ನಡುಗುತ್ತಿತ್ತು. ಈಗ ಬಿದ್ದರೆ ಯಾರೂ ನಂಬುವುದಿಲ್ಲ ಎಂದುಕೊಂಡು, ಮತ್ತೆ ಚೌಕಟ್ಟನ್ನೇ ಹಿಡಿದು ನಿಂತ.